ಗುಣವಾದ ಮೇಲೆ ಎಲ್ಲಿಗೆ?

ಕಾಲು ಮುರಿದವನು ಆಸ್ಪತ್ರೆಯಿಂದ ಮರಳಿದರೆ ನೆರೆಹೊರೆಯವರು ಕುಶಲ ವಿಚಾರಿಸಲು ಬರುತ್ತಾರೆ. ಚಿತ್ತರೋಗದಿಂದ ಗುಣಹೊಂದಿ ಮರಳಿದವನ ಮನೆಗಾದರೋ ಯಾರೂ ಕಾಲಿಡುವುದಿಲ್ಲ. ಅವನ ಹಳೆಯ ಕೆಲಸವು ಬೇರೊಬ್ಬನ ಪಾಲಾಗಿರುತ್ತದೆ. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅವನನ್ನು ಹಿತ್ತಲ ಕೋಣೆಯಲ್ಲಿ ಕುಳ್ಳಿರಿಸಿ ಬಾಗಿಲೆಳೆಯುತ್ತಾರೆ. ಹೀಗೆ ಮಾಡುವವರು ನಿರಕ್ಷರಕುಕ್ಷಿಗಳೆಂದು ತಿಳಿಯಬೇಡಿರಿ. ಈ ಪತ್ರಿಕೆಯನ್ನೋದುವ ನಾವೇ ಆಗಿದ್ದೇವೆ.

ವೈದ್ಯನು ಔಷಧವನ್ನು ಕೊಡಬಲ್ಲನು. ನೆರೆಹೊರೆಯ ವಿಶ್ವಾಸವನ್ನು ಕೊಡಲಾರನು. ಬಹುಕಾಲ ರೋಗದಿಂದ ಕುಂದಿದವನಿಗೆ ಹೊತ್ತಿಗೆ ಸರಿಯಾಗಿ ಏಳುವುದು, ಹಣವನ್ನೆಣಿಸುವುದು, ನಾಲ್ವರೊಡನೆ ಮಾತನಾಡುವುದು ಇವೆಲ್ಲವೂ ಪುನಃ ಅಭ್ಯಾಸವಾಗಬೇಕು. ಅದಕ್ಕೆ ಅವಕಾಶವಿಲ್ಲದೆ ಮೂಲೆ ಸೇರಿದವನು ಬೇಸರದಿಂದ ಗುಳಿಗೆಯನ್ನು ಬಿಟ್ಟರೆ ರೋಗವು ಮರುಕಳಿಸುತ್ತದೆ. ಆಗ ನಾವು “ಹುಚ್ಚು ವಾಸಿಯಾಗುವುದುಂಟೆ?” ಎನ್ನುತ್ತೇವೆ. ನೀರು ಹಾಯಿಸದೆ ಬೀಜವನ್ನು ಹಳಿಯುವ ಬೇಸಾಯಗಾರನ ನ್ಯಾಯವಿದು!

ಇಂಥವರನ್ನು ದೂರದಲ್ಲಿರಿಸುವುದೇ ಕ್ಷೇಮವೆಂದು ಕೆಲವರು ಆಕ್ಷೇಪಿಸಬಹುದು. ಯಾರ ಕ್ಷೇಮ? 2001ನೆಯ ಇಸವಿಯ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸಂಕೋಲೆಯಲ್ಲಿದ್ದ 25ಕ್ಕೂ ಹೆಚ್ಚು ಮಂದಿ ರೋಗಿಗಳು ಓಡಲಾರದೆ ಬೆಂದುಹೋದರು. ಅವರನ್ನು ಅಲ್ಲಿಗೆ ಒಯ್ದವರು ಬಹುಮಟ್ಟಿಗೆ ಬಂಧುಗಳೇ. ಊರಿನಲ್ಲಿ ಬೇರೆ ಆಸರೆಯನ್ನು ಕಾಣದ ಬಂಧುಗಳು. ಆದರೆ ಬೆಲ್ಜಿಯಂ ದೇಶದ ಗೀಲ್ ಎಂಬ ಊರಿನ ಗೃಹಸ್ಥರು ಶತಮಾನಗಳಿಂದಲೂ ಪರಸ್ಥಳದ ಚಿತ್ತರೋಗಿಗಳನ್ನು ತಮ್ಮ ಮನೆಗಳಲ್ಲಿರಿಸಿಕೊಂಡು ಬಂದಿದ್ದಾರೆ. ಪರರಿಗೆ ಅವರು ಮಾಡುವಷ್ಟನ್ನು ನಮ್ಮವರಿಗೆ ನಾವು ಮಾಡಲಾರೆವೆ?

ಕಾನೂನು ನಮಗಿಂತ ಮುಂದಿದೆ. 2017ನೆಯ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಸಂಕೋಲೆಯನ್ನು ನಿಷೇಧಿಸಿದೆ. ಮನೆಯವರು ಒಲ್ಲರೆಂಬ ಕಾರಣಮಾತ್ರದಿಂದ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಕೂಡದೆಂದು ವಿಧಿಸಿದೆ. ಆಸ್ಪತ್ರೆಗೂ ಮನೆಗೂ ನಡುವಣ ತಂಗುಮನೆಗಳನ್ನು ಏರ್ಪಡಿಸುವ ಹೊಣೆಯನ್ನು ಸರಕಾರಕ್ಕೆ ವಹಿಸಿದೆ. ಜಿಲ್ಲೆಯಲ್ಲಿಯೇ ಈ ರೋಗಗಳಿಗೆ ಚಿಕಿತ್ಸೆ ಸಾಧ್ಯವೆಂಬುದನ್ನು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ನಮ್ಮ ಬಳ್ಳಾರಿಯಲ್ಲಿಯೇ ತೋರಿಸಿಕೊಟ್ಟರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮಾದರಿಯನ್ನು ಕೊಟ್ಟ ನಾಡು ಅದನ್ನು ಗುಳಿಗೆ ಹಂಚುವುದಕ್ಕೆ ಮಾತ್ರ ನಿಲ್ಲಿಸುವುದು ನಾಚಿಕೆಯ ಮಾತಲ್ಲವೆ?

ಸರಕಾರವನ್ನು ಕೇಳಬೇಕಾದುದನ್ನು ಕೇಳೋಣ. ಆದರೆ ಅದರ ಉತ್ತರ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಸಂಘದ ವಾಚನಾಲಯವು ಮಧ್ಯಾಹ್ನದ ಹೊತ್ತು ಬರಿದಾಗಿರುತ್ತದೆ. ವೈದ್ಯರ ಸಲಹೆ ಪಡೆದು, ವಾರಕ್ಕೆರಡು ದಿನ ಗುಣಮುಖರಾದವರಿಗೆ ಅಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿಸಬಹುದು; ದುಡಿದವರಿಗೆ ತಕ್ಕ ಕೂಲಿಯನ್ನು ಕೊಡಬಹುದು. ಅಂಗಡಿಯುಳ್ಳ ಸದಸ್ಯರು ಒಬ್ಬೊಬ್ಬರಿಗೆ ಅರ್ಧದಿನದ ಕೆಲಸವನ್ನು ಕೊಡಲಿ. ಮುಂದಿನ ಸಭೆಯಲ್ಲಿ ಈ ಸೂಚನೆಯನ್ನು ಮಂಡಿಸುವೆನು. ವಿರೋಧಿಸುವ ಮಹನೀಯರು ಅದಕ್ಕೆ ಮುಂಚೆ ತಮ್ಮ ಮನೆಯ ಹಿತ್ತಲ ಕೋಣೆಯನ್ನೊಮ್ಮೆ ನೋಡಿ ಬರಬೇಕೆಂದು ಬೇಡುತ್ತೇನೆ.