ರಜೆಯ ಓದಿಗೆ ಪರೀಕ್ಷೆ ಬೇಡ

ವಾರ್ಷಿಕ ಪರೀಕ್ಷೆಗಳು ಮುಗಿದು ಬೇಸಿಗೆ ರಜೆ ಆರಂಭವಾಗಿದೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ದೀರ್ಘ ಬಿಡುವು. ಅದು ಕಳೆಯುವ ಬಗೆ ಮಾತ್ರ ನಮ್ಮ ಮನೆಗಳಲ್ಲಿ ಹೆಚ್ಚುಕಡಿಮೆ ನಿಗದಿಯಾಗಿಬಿಟ್ಟಿದೆ. ಬೆಳಗ್ಗೆ ಮದ್ರಸ, ಮಧ್ಯಾಹ್ನ ಮೊಬೈಲ್, ಸಂಜೆಯಾದರೆ ಗಂಡುಮಕ್ಕಳಿಗೆ ಮೈದಾನ, ಹೆಣ್ಣುಮಕ್ಕಳಿಗೆ ಅಡುಗೆಮನೆ. ‘ಇಕ್ರಅ್’ ಎಂಬ ಪ್ರಥಮ ದಿವ್ಯವಾಣಿಯ ಕುರಿತು ವೇದಿಕೆಗಳಲ್ಲಿ ಭಾಷಣ ಕೇಳಿ ಮರಳುವ ನಾವು, ಮನೆಯ ಕಪಾಟಿನಲ್ಲಿ ಪಠ್ಯಪುಸ್ತಕವಲ್ಲದ ಎಷ್ಟು ಪುಸ್ತಕಗಳಿವೆಯೆಂದು ಎಣಿಸಿದ್ದೇವೆಯೇ?

ಮಕ್ಕಳು ಓದುವುದೇ ಇಲ್ಲವೆಂಬ ಹೆತ್ತವರ ದೂರು ಪೂರ್ಣ ಸರಿಯಲ್ಲ. ಕರಾವಳಿಯ ಬ್ಯಾರಿ ಮನೆಯ ಮಗುವನ್ನೇ ನೋಡೋಣ. ಮನೆಯಲ್ಲಿ ಅದು ಆಡುವುದು ಬ್ಯಾರಿ ಭಾಷೆ. ಮದ್ರಸದಲ್ಲಿ ಅರಬಿ ಅಕ್ಷರ, ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ, ಜೊತೆಗೆ ಒಂದು ವಿಷಯವಾಗಿ ಕನ್ನಡ. ಕಲಬುರಗಿ, ವಿಜಯಪುರದ ಕಡೆಯಾದರೆ ಬ್ಯಾರಿಯ ಜಾಗದಲ್ಲಿ ದಖನಿ ಉರ್ದು. ಕುರ್‌ಆನನ್ನು ತಜ್‌ವೀದಿನ ನಿಯಮದಂತೆ ಸುಶ್ರಾವ್ಯವಾಗಿ ಓದಬಲ್ಲ ಮಗು ಅದು. ಆ ಓದು ಆರಾಧನೆ, ಅದರ ಪ್ರತಿಫಲ ಬೇರೆಯೇ. ಇಂಗ್ಲಿಷನ್ನು ಅಂಕಕ್ಕಾಗಿ ಓದುತ್ತದೆ. ಆದರೆ ಊಟಕ್ಕೆ ಕರೆದರೂ ಕಿವಿಗೆ ಬೀಳದಷ್ಟು ಮೈಮರೆತು, ತನ್ನಷ್ಟಕ್ಕೆ ನಗುತ್ತ ಓದಲು ಈ ಮಗುವಿಗೆ ಯಾವ ಭಾಷೆಯಿದೆ? ಮೂರು ಲಿಪಿ ಬಲ್ಲ ಮಗುವಿಗೆ ಖುಷಿಯಿಂದ ಓದಬಲ್ಲ ಒಂದು ಭಾಷೆಯೂ ಇಲ್ಲದಿರುವುದು ಸಣ್ಣ ಕೊರತೆಯಲ್ಲ.

ಕನ್ನಡ ಆ ಭಾಷೆಯಾಗಬಲ್ಲದು ಎಂಬುದು ನಮ್ಮ ಅಭಿಪ್ರಾಯ. ಅಂಗಡಿ, ಬಸ್ಸು, ಬೀದಿಗಳಲ್ಲಿ ಮಗು ದಿನವೂ ಅದನ್ನು ಕೇಳುತ್ತದೆ, ಅಕ್ಷರವೂ ಗೊತ್ತು. ಒತ್ತಕ್ಷರ ಬಂದಲ್ಲಿ ತಡವರಿಸುತ್ತದೆ, ಅಷ್ಟೇ. ಸುಲಭವಾದುದನ್ನು ಹೆಚ್ಚು ಹೆಚ್ಚು ಓದುವುದರಿಂದ ಆ ತಡವರಿಕೆ ಹೋಗುತ್ತದೆ. ಆರನೆಯ ತರಗತಿಯ ಹುಡುಗ ಮೂರನೆಯ ತರಗತಿಯವರ ಚಿತ್ರಕಥೆ ಹಿಡಿದರೆ ಹಿಡಿಯಲಿ, ಯಾರೂ ಹಂಗಿಸಬಾರದು. ಕನ್ನಡ ನಮ್ಮದಲ್ಲವೆಂದು ಗೊಣಗುವ ಹಿರಿಯರು ನೆನಪಿಸಿಕೊಳ್ಳಬೇಕಾದ ಹೆಸರುಗಳು ಅನೇಕ. ಸಾರಾ ಅಬೂಬಕ್ಕರ್, ನಿಸಾರ್ ಅಹಮದ್ ಬರೆದದ್ದು ಕನ್ನಡದಲ್ಲಿ. ಬೊಳುವಾರು ಮಹಮದ್ ಕುಂಞಿ ಅವರು ಗಾಂಧೀಜಿಯ ಬಗ್ಗೆ ಮಕ್ಕಳಿಗಾಗಿ ಬರೆದ ಪುಸ್ತಕಕ್ಕೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿದೆ. ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳು ಇಂಗ್ಲಿಷಿಗೆ ಹೋಗಿ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು.

ಕಥೆಯೆಂದರೆ ಸುಳ್ಳು, ಕಾಲಹರಣ ಎಂಬ ಆಕ್ಷೇಪವೂ ಇದೆ. ಹಾಗೆನ್ನುವವರು ಸೂರಃ ಯೂಸುಫನ್ನು ಮತ್ತೊಮ್ಮೆ ಓದಲಿ. ಒಬ್ಬ ಬಾಲಕ ಬಾವಿಗೆ ಬಿದ್ದಲ್ಲಿಂದ ಈಜಿಪ್ಟಿನ ಅಧಿಕಾರಸ್ಥಾನ ಸೇರುವವರೆಗಿನ ವೃತ್ತಾಂತ ಅಲ್ಲಿ ಒಂದೇ ಓಟದಲ್ಲಿ ಸಾಗುತ್ತದೆ. ಸೂರಃ ಅನ್ನಮ್ಲ್‌ನಲ್ಲಿ ಒಂದು ಇರುವೆ ಮಾತನಾಡುತ್ತದೆ, ಅದನ್ನು ಕೇಳಿ ಪ್ರವಾದಿ ಸುಲೈಮಾನ್(ಅ) ಮುಗುಳ್ನಗುತ್ತಾರೆ. ಬದ್ರ್ ಯುದ್ಧದ ಕೈದಿಗಳಲ್ಲಿ ಅಕ್ಷರ ಬಲ್ಲವರು ಮದೀನಾದ ತಲಾ ಹತ್ತು ಮಕ್ಕಳಿಗೆ ಬರಹ ಕಲಿಸಿ ಬಿಡುಗಡೆ ಪಡೆದುದನ್ನು ಚರಿತ್ರೆಗಾರರು ದಾಖಲಿಸಿದ್ದಾರೆ. ಶತ್ರುವಿನ ಕೈಯಿಂದಲಾದರೂ ಮಕ್ಕಳಿಗೆ ಅಕ್ಷರ ದೊರೆಯಲೆಂದು ಬಯಸಿದ ಸಮುದಾಯ ನಮ್ಮದು. ಯಾವ ಪುಸ್ತಕ ಮನೆಯೊಳಗೆ ಬರುತ್ತದೆಂಬುದನ್ನು ಹೆತ್ತವರು ಗಮನಿಸಲಿ, ಅದು ಅವರ ಹೊಣೆ. ಆದರೆ ಹುಲಿ ಮಾತನಾಡಿತೆಂಬ ಕಾರಣಕ್ಕೆ ಪುಸ್ತಕ ಕಸಿದುಕೊಳ್ಳುವುದು ಅತಿಯಾಯಿತು.

ಓದಿನ ಸಂತೋಷಕ್ಕೆ ದೊಡ್ಡ ಅಡ್ಡಿ ಮೊಬೈಲ್ ಎಂದು ಎಲ್ಲರೂ ಹೇಳುತ್ತಾರೆ. ಪುಸ್ತಕ ಮುಚ್ಚುತ್ತಲೇ ನಾವು ಕೇಳುವ ಪ್ರಶ್ನೆಯೂ ಅಷ್ಟೇ ದೊಡ್ಡ ಅಡ್ಡಿ ಎಂದು ನಮಗೆ ತೋರುತ್ತದೆ. ಎಷ್ಟು ಪುಟವಾಯಿತು? ಇದರ ನೀತಿಯೇನು? ನೋಟ್‌ಬುಕ್ಕಿನಲ್ಲಿ ಬರೆದೆಯಾ? ಅಲ್ಲಿಗೆ ರಜೆಯ ಓದೂ ಶಾಲೆಯಾಯಿತು. ಕೇಳಲೇಬೇಕಿದ್ದರೆ, ನಿನಗೆ ನಗು ಬಂದ ಭಾಗವನ್ನು ನನಗೂ ಓದಿ ಹೇಳು ಎನ್ನಬಹುದು. ಉಮ್ಮ ಅಡುಗೆ ಮಾಡುತ್ತ ಕೇಳಲಿ. ಊರಿಗೆ ಬಂದಿರುವ ಗಲ್ಫಿನ ಬಾಪ, ಮಗ್ರಿಬ್ ಮುಗಿಸಿ ಇಶಾದವರೆಗಿನ ಹೊತ್ತಿನಲ್ಲಿ ತಾನೂ ಒಂದು ಪುಸ್ತಕ ತೆರೆದು ಕೂತರೆ ಉಪದೇಶದ ಅಗತ್ಯವೇ ಬೀಳದು.

ಇದಕ್ಕೆ ಹಣ ಬೇಕಿಲ್ಲ. ‘ಓದುವ ಬೆಳಕು’ ಕಾರ್ಯಕ್ರಮದಡಿ 2020ರಿಂದ ಗ್ರಾಮ ಪಂಚಾಯತ್ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುತ್ತಿವೆ; ಅನೇಕ ಕಡೆ ಈಗ ‘ಅರಿವು ಕೇಂದ್ರ’ ಎಂಬ ಫಲಕ ಕಾಣುತ್ತದೆ. ಮದ್ರಸದಿಂದ ಮರಳುವ ದಾರಿಯಲ್ಲೇ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಮಗನ ಜೊತೆ ಮಗಳೂ ಬರಲಿ. ಯಾವ ಪುಸ್ತಕವೆಂದು ಅವರೇ ಆರಿಸಲಿ. ಹತ್ತು ಪುಟ ಓದಿ ಬೇಸರವಾಯಿತೆಂದು ಹಿಂದಿರುಗಿಸಿದರೆ, ಇನ್ನೊಂದನ್ನು ಕೊಡಿಸಿ.