ಹಿಮ ಬೀಳದ ಊರಿಗೆ ಜಾರುಬಂಡಿ ಯಾಕೆ?

2022ರ ಫೆಬ್ರವರಿ. ವರ್ಕ್ ಫ್ರಮ್ ಹೋಮ್ ನೆಪದಲ್ಲಿ ಊರಲ್ಲೇ ಇದ್ದೆ. ಸಂಜೆ ಜಗಲಿಯಲ್ಲಿ ಕೂತು ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನ ವಿಡಿಯೋ ಮೊಬೈಲಲ್ಲಿ ನೋಡ್ತಿದ್ದೆ. ಅಡಿಕೆ ಸುಲಿಯುತ್ತಿದ್ದ ಅಮ್ಮ ಇಣುಕಿ "ಎಂತದೋ ಅದು?" ಅಂದಳು.

"ಬಾಬ್‌ಸ್ಲೆಡ್ ಅಂತ."

"ಹಂಗಂದ್ರೆ?"

ಬಿಇ ಓದಿ, ಹತ್ತು ವರ್ಷ ಕೋಡ್ ಬರೆದ ನಾನು ತಡವರಿಸಿದೆ. ಅಮ್ಮ ಇನ್ನೊಂದು ಸಲ ನೋಡಿ, "ಓ, ಜಾರುಬಂಡಿ. ನೀವೆಲ್ಲ ಹಾಳೆ ಮೇಲೆ ಕೂತು ಧರೆ ಇಳೀತಿದ್ರಲ್ಲ, ಹಂಗೇ" ಅಂದು ಮತ್ತೆ ಮೆಟ್ಟುಗತ್ತಿ ಕಡೆ ತಿರುಗಿದಳು.

ಇದನ್ನ ಆಫೀಸಿನ ಗೆಳೆಯನಿಗೆ ಹೇಳಿದರೆ ನಕ್ಕ. "ಹಿಮವೇ ಬೀಳದ ನಾಡಿಗೆ ಆ ಪದ ಯಾಕೋ? ಬಾಬ್‌ಸ್ಲೆಡ್ ಅಂದ್ರೆ ಸಾಕು ಬಿಡು." ಸಾಕಾಗಲ್ಲ. ಯಾಕೆ ಅಂತ ಹೇಳ್ತೀನಿ.

ಇಂಗ್ಲಿಷಿಗೇನು ಈ ಪದ ಆಕಾಶದಿಂದ ಬಿತ್ತಾ? 19ನೇ ಶತಮಾನದ ಕೊನೆಗೆ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ಗೆ ಚಳಿಗಾಲ ಕಳೆಯಲು ಬಂದ ಪ್ರವಾಸಿಗರು, ಅದರಲ್ಲೂ ಇಂಗ್ಲಿಷರು, ಬೆಳೆಸಿದ ಆಟ ಇದು. ಬಂಡಿಯಲ್ಲಿ ಕೂತವರು ವೇಗ ಹೆಚ್ಚಲಿ ಅಂತ ಹಿಂದೆ ಮುಂದೆ ತೂಗಾಡ್ತಿದ್ದರು, ಅದಕ್ಕೇ 'ಬಾಬ್' ಅಂತ ಹೆಸರು ಬಂತು ಅನ್ನೋದು ಆ ಆಟದವರೇ ಹೇಳುವ ಕತೆ. 'ಸ್ಲೆಡ್' ಮತ್ತು 'ಸ್ಲೈಡ್' ಒಂದೇ ಬೇರಿನ ಪದಗಳು, ಅಂದರೆ ಜಾರುವುದು. ಬ್ರಿಟನ್ನಿನವರು ಬಾಬ್‌ಸ್ಲೇ ಅಂತಾರೆ, ಅಮೆರಿಕದವರು ಬಾಬ್‌ಸ್ಲೆಡ್, ಜರ್ಮನ್ನರು ಬರೀ ಬಾಬ್. ಕಂಡದ್ದನ್ನು ತಮ್ಮ ತಮ್ಮ ಮಾತಲ್ಲಿ ಕರೆದರು. ಅಮ್ಮ ಮಾಡಿದ್ದೂ ಅದನ್ನೇ.

ಇನ್ನು ಹಿಮದ ಮಾತು. ಜಮೈಕಾದಲ್ಲಿ ಹಿಮ ಬೀಳತ್ತಾ? ಅಲ್ಲಿನ ತಳ್ಳುಗಾಡಿ ಓಟ ಕಂಡ ಇಬ್ಬರು ಅಮೆರಿಕನ್ನರಿಗೆ ಅದು ಬಾಬ್‌ಸ್ಲೆಡ್ ಥರವೇ ಅನ್ನಿಸಿತು. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ಗೆ ಜಮೈಕಾ ತಂಡ ಹೋಗಿಯೇಬಿಟ್ಟಿತು. ನಾಲ್ವರ ಓಟದಲ್ಲಿ ಬಂಡಿ ಮಗುಚಿ, ಹುಡುಗರು ನಡೆದೇ ಕೊನೆ ಮುಟ್ಟಿದರು. ನಮ್ಮ ಹಿಮಾಚಲದ ಶಿವ ಕೇಶವನ್ ಇದರ ಸೋದರ ಆಟವಾದ ಲೂಜ್‌ನಲ್ಲಿ 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್ ಆಡಿದರು. ದೇಶದಲ್ಲಿ ಟ್ರ್ಯಾಕ್ ಇಲ್ಲ ಅಂತ ಬಂಡಿಗೆ ಗಾಲಿ ಕಟ್ಟಿ, ಹಿಮಾಲಯದ ರಸ್ತೆಗಳಲ್ಲಿ ಲಾರಿಗಳ ನಡುವೆ ಅಭ್ಯಾಸ ಮಾಡಿದವರು. ನನ್ನೂರಲ್ಲಿ ಅವರ ಹೆಸರು ಕೇಳಿದವರೇ ಇಲ್ಲ. 'ಲೂಜ್' ಅಂದರೇನು ಅಂತಲೇ ತಿಳಿಯದಿದ್ದರೆ ಆಡಿದವನ ಹೆಸರು ನೆನಪಿರುತ್ತಾ?

ಈಗ ನೋಡಿ. ಲೂಜ್ ಅಂದರೆ ಅಂಗಾತ ಮಲಗಿ, ಕಾಲು ಮುಂದಾಗಿ ಜಾರುವುದು. ಸ್ಕೆಲಿಟನ್ ಅಂದರೆ ಬೋರಲು ಮಲಗಿ, ತಲೆ ಮುಂದಾಗಿ ಜಾರುವುದು. ಬಾಬ್‌ಸ್ಲೆಡ್ ಅಂದರೆ ಬಂಡಿ ತಳ್ಳಿಕೊಂಡು ಓಡಿ, ಹಾರಿ ಒಳಗೆ ಕೂತು ಜಾರುವುದು. ಅಂಗಾತಬಂಡಿ, ಬೋರಲುಬಂಡಿ, ತಳ್ಳುಜಾರುಬಂಡಿ. ಹೆಸರಲ್ಲೇ ಆಟ ಕಣ್ಣಿಗೆ ಕಟ್ಟಲಿಲ್ವಾ? ಸ್ಕೆಲಿಟನ್ ಅಂದರೆ ಅಸ್ಥಿಪಂಜರ. ಅದರಿಂದ ಏನು ತಿಳೀತು?

"ಸ್ಕೆಲಿಟನ್‌ನವನೂ ತಳ್ಳಿಕೊಂಡು ಓಡ್ತಾನಲ್ಲ" ಅಂತ ತಕರಾರು ತೆಗೀತೀರಾ? ಸರಿ, 'ಕೂರುಬಂಡಿ' ಅನ್ನಿ. "ಜಾರುಬಂಡಿ ಪಾರ್ಕಲ್ಲಿ ಮಕ್ಕಳು ಆಡೋದು" ಅಂತೀರಾ? ಮೌಸ್ ಅಂದರೆ ಇಲಿಯೂ ಹೌದು, ನನ್ನ ಮೇಜಿನ ಮೇಲಿರೋದೂ ಹೌದು. ಯಾರೂ ಗಾಬರಿಯಾಗಿಲ್ಲ. ಹಾಗಂತ 'ಹಿಮಶಕಟ ಸ್ಪರ್ಧೆ' ಅಂತ ಯಾರಾದರೂ ತಂದರೆ ಮೊದಲು ಬೇಡ ಅನ್ನೋನು ನಾನೇ. ಅಮ್ಮನಿಗೆ ಅದೂ ಬಾಬ್‌ಸ್ಲೆಡ್ಡೇ.

ಒಂದು ಆಟದ ಹೆಸರಿಗೆ ಇಷ್ಟು ಜಗಳ ಯಾಕೆ ಅಂದರೆ, ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಮೇಷ್ಟ್ರು 'ಫ್ರಿಕ್ಷನ್' ಅಂದರೇನು ಅಂತ ಕೇಳಿದಾಗ ತಲೆ ತಗ್ಗಿಸಿ ನಿಂತಿದ್ದೆ. ಮಳೆಗೆ ನೆಂದ ಧರೆಯಲ್ಲಿ ಹಾಳೆ ಯಾಕೆ ಜೋರಾಗಿ ಹೋಗುತ್ತೆ, ಮೊದಲು ನಾಲ್ಕು ಹೆಜ್ಜೆ ತಳ್ಳಿದರೆ ಎಷ್ಟು ಲಾಭ, ಎಲ್ಲ ನನಗೆ ಗೊತ್ತಿತ್ತು. ಆದರೆ ಅದೇ ಇದು ಅಂತ ಯಾರೂ ಹೇಳಿರಲಿಲ್ಲ. ಬಾಬ್‌ಸ್ಲೆಡ್‌ನಲ್ಲೂ ಅದೇ ಪಾಠ. ನಾಲ್ವರ ಬಂಡಿ, ಆಟಗಾರರೂ ಸೇರಿ 630 ಕೆಜಿ ಮೀರಬಾರದು. ಸುಮಾರು 50 ಮೀಟರ್ ತಳ್ಳಿದ ಮೇಲೆ ಇಳಿಜಾರೇ ಎಂಜಿನ್. ವೇಗ ಗಂಟೆಗೆ 130 ಕಿಲೋಮೀಟರ್ ದಾಟುತ್ತೆ. 2018ರಲ್ಲಿ ಇಬ್ಬರ ಓಟದ ನಾಲ್ಕೂ ಸುತ್ತು ಮುಗಿದಾಗ ಕೆನಡಾ, ಜರ್ಮನಿ ಸೆಕೆಂಡಿನ ನೂರನೇ ಒಂದು ಭಾಗದಷ್ಟೂ ವ್ಯತ್ಯಾಸವಿಲ್ಲದೆ ಚಿನ್ನ ಹಂಚಿಕೊಂಡವು. ಇದನ್ನೆಲ್ಲ 'ಜಾರುಬಂಡಿ' ಅಂತ ಶುರುಮಾಡಿ ಹೇಳಿದರೆ, ಹಾಳೆ ಮೇಲೆ ಜಾರಿದ ಯಾವ ಹುಡುಗನೂ ತಲೆ ತಗ್ಗಿಸಬೇಕಿಲ್ಲ.

ನನ್ನ ಪದ ಹಿಡಿಸದಿದ್ದರೆ ನಿಮ್ಮದು ತನ್ನಿ, ಜಗಳ ಆಡೋಣ. ಆದರೆ ಹಿಮ ಬೀಳಲ್ಲ ಅನ್ನೋ ನೆಪ ಮಾತ್ರ ಬೇಡ.