ಈಜುಕೊಳ ತೋಡೋ ಮೊದಲು ಬಾವಿಗೆ ಮುಚ್ಚಳ ಹಾಕಿ



ಈ ವಾರ ಅಡಿಕೆ ಬಗ್ಗೆ ಅಲ್ಲ, ಹೋಂಸ್ಟೇ ಬಗ್ಗೆ ಬರೀತಾ ಇದ್ದೀನಿ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಓಡಾಟಕ್ಕೆ ಬಿಟ್ಟ ಮೇಲೆ ನಮ್ಮ ಸಾಗರ ತಾಲ್ಲೂಕಿಗೆ ಬರೋ ಕಾರುಗಳನ್ನ ನೀವೂ ನೋಡ್ತಾ ಇದ್ದೀರಿ. ಮೊದಲು ಲಾಂಚಿಗೆ ಕಾಯಬೇಕಲ್ಲ ಅಂತ ಬೇಜಾರಾಗಿ ಜೋಗ ನೋಡಿ ವಾಪಸ್ ಹೋಗ್ತಿದ್ದವರು ಈಗ ಸಿಗಂದೂರು, ಕೊಲ್ಲೂರು ಎಲ್ಲ ಸೇರಿಸಿ ಎರಡು ದಿನ ಇಟ್ಕೊಂಡು ಬರ್ತಾರೆ. ಉಳಿಯೋಕೆ ಜಾಗ ಕೇಳ್ತಾರೆ. ಇತ್ತ ಎಲೆಚುಕ್ಕಿ ರೋಗ ತೋಟಕ್ಕೆ ಹೊಕ್ಕ ಮೇಲೆ ಬರೀ ಅಡಿಕೆ ನಂಬಿ ಕೂರೋ ಧೈರ್ಯ ನಮಗೂ ಇಲ್ಲ. ಹಾಗಾಗಿ ಸೊಸೈಟಿ ಹತ್ತಿರ ನಾಲ್ಕು ಜನ ಸೇರಿದರೆ ಈಗ ಹೋಂಸ್ಟೇ ಮಾತೇ.

ಅದು ತಪ್ಪಲ್ಲ. ನಾನೂ ಆರು ವರ್ಷದಿಂದ ಮನೆಯ ಎರಡು ರೂಮು ಕೊಡ್ತಾ ಇದ್ದೀನಿ. ಆದರೆ ಹೊಸದಾಗಿ ಶುರು ಮಾಡೋರು ನನ್ನ ಹತ್ತಿರ ಕೇಳೋ ಮೊದಲ ಪ್ರಶ್ನೆ "ಸ್ವಿಮ್ಮಿಂಗ್ ಪೂಲ್‌ಗೆ ಎಷ್ಟು ಬೀಳುತ್ತೆ ಮಾರಾಯ್ರೆ?" ಅಂತ. ಎರಡನೇದು "ಕ್ಯಾಂಪ್‌ಫೈರ್, ಸೌಂಡ್ ಸಿಸ್ಟಮ್ ಇಲ್ಲದಿದ್ರೆ ಜನ ಬರ್ತಾರಾ?" ಅಂತ. ಮಕ್ಕಳು ಮರಿ ಕಟ್ಕೊಂಡು ಬರೋ ಸಂಸಾರಸ್ಥರಿಗೆ ನಮ್ಮ ಮನೆ ಹೇಗಿರಬೇಕು ಅಂತ ಕೇಳಿದವರು ಕಡಿಮೆ. ನನ್ನ ಪ್ರಕಾರ ನಮ್ಮಂಥ ಸಣ್ಣ ಹಿಡುವಳಿದಾರರು ಕೇಳಬೇಕಾದ ಪ್ರಶ್ನೆ ಅದೊಂದೇ.

ಪಾರ್ಟಿ ಗುಂಪಿನಿಂದ ದುಡ್ಡು ಬೇಗ ಬರುತ್ತೆ, ಇಲ್ಲ ಅನ್ನೋದಿಲ್ಲ. ಹತ್ತು ಹುಡುಗರು ಬಂದು ಒಂದು ರಾತ್ರಿಗೆ ಕೊಟ್ಟು ಹೋಗೋದನ್ನ ಒಂದು ಸಂಸಾರ ಎರಡು ದಿನ ಇದ್ದರೂ ಕೊಡೋದಿಲ್ಲ. ಚೌಕಾಸಿ ಬೇರೆ ಮಾಡ್ತಾರೆ. ಮಗು ಹಾಸಿಗೆ ಒದ್ದೆ ಮಾಡುತ್ತೆ, ಅಜ್ಜಿಗೆ ಉಪ್ಪು ಕಡಿಮೆ ಬೇಕು, ಅಪ್ಪನಿಗೆ ನೆಟ್‌ವರ್ಕ್ ಬೇಕು. ಇದೆಲ್ಲ ನಿಜ. ಆದರೆ ಹೋಂಸ್ಟೇ ಅಂದ್ರೆ ಮನೆಯವರು ಅಲ್ಲೇ ವಾಸ ಇರೋ ಮನೆ. ನಡುಮನೆಯಲ್ಲಿ ನಮ್ಮ ಅಮ್ಮ ಮಲಗಿರ್ತಾರೆ, ಉಪ್ಪರಿಗೆಯಲ್ಲಿ ಮಗಳು ಪರೀಕ್ಷೆಗೆ ಓದ್ತಿರ್ತಾಳೆ. ರಾತ್ರಿ ಹನ್ನೆರಡಕ್ಕೆ ಅಂಗಳದಲ್ಲಿ ಕುಡಿದು ಕುಣಿಯೋರಿಗೆ ನಮ್ಮ ಹೆಂಗಸರು ಚಿಪ್ಸು, ಐಸು ತಂದುಕೊಡಬೇಕಾ? ಲೈಸೆನ್ಸ್ ಇಲ್ಲದೆ ಮದ್ಯ ಮಾರೋದು ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ ಅಂತ 2000ನೇ ಇಸವಿಯಿಂದ ನಿಯಮ ಇದೆ. ಕಾನೂನು ಬಿಡಿ, ಅಕ್ಕಪಕ್ಕದ ಮನೆಯವರ ಮುಖ ನಾವು ಬೆಳಿಗ್ಗೆ ನೋಡಬೇಕಲ್ಲ. ಗುಂಪು ಮತ್ತೆ ಬರೋದಿಲ್ಲ, ಮುಂದಿನ ಸಲ ಬೇರೆ ಊರಿಗೆ ಹೋಗುತ್ತೆ. ಸಂಸಾರದವರು ಮತ್ತೆ ಬರ್ತಾರೆ, ತಂಗಿಯ ಮನೆಯವರನ್ನೂ ಕಳಿಸ್ತಾರೆ. ನಮ್ಮಲ್ಲಿ ಈಗ ಬರೋರಲ್ಲಿ ಹೆಚ್ಚಿನವರು ಹಾಗೆ ಹೇಳಿಕೊಂಡು ಬಂದವರೇ.

ಇನ್ನು ಸಂಸಾರಕ್ಕೆ ಒಗ್ಗೋ ಮನೆ ಅಂದ್ರೆ ಜಾರುಬಂಡೆ, ಬಣ್ಣದ ಗೋಡೆ ಅಲ್ಲ. ಎರಡು ವರ್ಷದ ಮಗು ಕಣ್ಣು ತಪ್ಪಿಸಿ ಓಡಿದರೆ ಎಲ್ಲಿಗೆ ಹೋಗುತ್ತೆ, ಎಪ್ಪತ್ತು ದಾಟಿದ ಅಜ್ಜಿ ರಾತ್ರಿ ಎದ್ದರೆ ಎಲ್ಲಿ ಎಡವುತ್ತಾರೆ, ಈ ಎರಡು ನೋಡಿ. ನೀವೇ ಒಮ್ಮೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಸುತ್ತ ಕಣ್ಣಾಡಿಸಿ. ನಮಗೆ ರೂಢಿಯಾಗಿ ಕಾಣದೇ ಇದ್ದದ್ದೆಲ್ಲ ಕಾಣುತ್ತೆ.

ಎಲ್ಲಕ್ಕಿಂತ ಮೊದಲು ನೀರು. ನಮ್ಮ ಕಡೆ ಹಳೇ ಬಾವಿಗಳ ಕಟ್ಟೆ ಮೊಣಕಾಲೆತ್ತರ. ನಮ್ಮ ಮಕ್ಕಳಿಗೆ ಹುಟ್ಟಿದಾಗಿಂದ ಗದರಿಸಿ ಗದರಿಸಿ ಅಭ್ಯಾಸ ಆಗಿರುತ್ತೆ. ಅಪಾರ್ಟ್‌ಮೆಂಟಿನ ಮಗು ಬಾವಿಯನ್ನೇ ನೋಡಿರೋದಿಲ್ಲ. ನಾನು ರೂಮು ಕೊಡೋಕೆ ಶುರು ಮಾಡೋ ಮೊದಲು ಬಾವಿಗೆ ಕಬ್ಬಿಣದ ಜಾಲರಿ ಮಾಡಿಸಿ ಬೀಗ ಹಾಕಿದೆ. ಆಗ 8,000 ರೂಪಾಯಿ ಆಯ್ತು. ಕೆಲವರು ನಕ್ಕರು, "ಬಾವಿಗೂ ಜೈಲಾ?" ಅಂತ. ಒಂದು ದಸರಾ ರಜೆಯಲ್ಲಿ ಹುಬ್ಬಳ್ಳಿ ಕಡೆಯವರು ಬಂದಿದ್ದರು. ಮೂರು ವರ್ಷದ ಹುಡುಗ. ಅವನ ಅಮ್ಮ ಒಳಗೆ ಸಣ್ಣ ಕೂಸಿಗೆ ಹಾಲು ಕುಡಿಸ್ತಾ ಇದ್ದರು, ಅಪ್ಪ ಕಾರಿಂದ ಚೀಲ ಇಳಿಸ್ತಾ ಇದ್ದರು. ನಾನು ಕೊಟ್ಟಿಗೆಯಿಂದ ಬಂದು ನೋಡ್ತೀನಿ, ಹುಡುಗ ಬಾವಿಯ ಜಾಲರಿ ಮೇಲೆ ಕೂತು ಒಂದೊಂದೇ ಕಲ್ಲು ಸಂದಿಯಲ್ಲಿ ಬಿಟ್ಟು "ಡುಬುಕ್" ಅನ್ನೋದನ್ನ ಕೇಳಿ ನಗ್ತಾ ಇದ್ದಾನೆ. ಅವತ್ತು ನನ್ನ ಮನೆಯವರು ಊಟ ಮಾಡಲಿಲ್ಲ. ಇದಕ್ಕಿಂತ ಹೆಚ್ಚು ನಾನು ಹೇಳಬೇಕಾಗಿಲ್ಲ.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿಹೊಂಡ ಇದ್ದರೆ ಅದು ಬಾವಿಗಿಂತ ಅಪಾಯ. ಒಳಗೆ ಬಿದ್ದವರಿಗೆ ಹಾಳೆ ಜಾರುತ್ತೆ, ಈಜು ಬರೋ ದೊಡ್ಡವರಿಗೂ ಹತ್ತೋಕೆ ಆಗೋದಿಲ್ಲ. ಸುತ್ತ ಬೇಲಿ ಹಾಕಿ, ಗೇಟಿಗೆ ಚಿಲಕ ಮೇಲಕ್ಕಿಡಿ. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಕಟ್ಟಿ ನೀರಿಗೆ ಇಳಿಬಿಡಿ, ಗಾಳಿ ತುಂಬಿದ ಹಳೇ ಲಾರಿ ಟ್ಯೂಬ್ ಒಂದು ಅಲ್ಲೇ ಇರಲಿ. ಹಿನ್ನೀರಿನ ದಂಡೆಯಲ್ಲಿ ಮನೆ ಇರೋರು ಒಂದು ಮಾತು ಖಡಾಖಂಡಿತ ಹೇಳಿ: ನೋಡಿ, ಫೋಟೋ ತೆಗೆಸಿಕೊಳ್ಳಿ, ಇಳೀಬೇಡಿ. ಮೇಲೆ ಶಾಂತವಾಗಿ ಕಂಡರೂ ಕೆಳಗೆ ಮುಳುಗಿದ ಮರದ ಬೊಡ್ಡೆ, ಗುಂಡಿ, ಕೆಸರು ಇರೋದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ಇಷ್ಟು ನೀರಿನ ಅಪಾಯ ಇಟ್ಕೊಂಡು ಇನ್ನೊಂದು ಈಜುಕೊಳ ತೋಡಿದರೆ ಅದನ್ನ ಕಾಯೋರು ಯಾರು? ಕೊಳೆಗೆ ಔಷಧಿ ಹೊಡೆಯೋ ದಿನ ನಾವು ತೋಟದಲ್ಲಿರ್ತೀವಿ.

ಔಷಧಿ ಅಂದೆ, ಅದನ್ನೂ ಹೇಳಿಬಿಡ್ತೀನಿ. ಮೈಲುತುತ್ತ ನೋಡೋಕೆ ನೀಲಿ ಕಲ್ಲುಸಕ್ಕರೆ ಇದ್ದ ಹಾಗೆ ಇರುತ್ತೆ. ಸುಣ್ಣದ ಡ್ರಮ್ಮು ಜಗಲಿ ಪಕ್ಕದಲ್ಲೇ ಇಡೋದು ನಮ್ಮ ರೂಢಿ. ಅದಕ್ಕಿಂತ ಕೆಟ್ಟದ್ದು, ಕಳೆನಾಶಕವನ್ನ ತಂಪು ಪಾನೀಯದ ಬಾಟಲಿಗೆ ಸುರಿದು ಕಿಟಕಿಯಲ್ಲಿ ಇಡೋದು. ಪ್ಯಾರಾಕ್ವಾಟ್‌ಗೆ ಪ್ರತಿವಿಷ ಇಲ್ಲ, ಒಂದು ಗುಟುಕು ಹೊಟ್ಟೆಗೆ ಹೋದರೂ ಜೀವಕ್ಕೆ ಅಪಾಯ. ಇದು ಅತಿಥಿಗಳ ಮಕ್ಕಳಿಗೆ ಮಾತ್ರ ಅಲ್ಲ, ನಮ್ಮ ಮೊಮ್ಮಕ್ಕಳಿಗೂ. ಎಲ್ಲ ಔಷಧಿಗೆ ಒಂದೇ ಕೋಣೆ, ಒಂದೇ ಬೀಗ, ಕೀಲಿ ಮೊಳೆಗೆ ಎತ್ತರದಲ್ಲಿ. ಹಂದಿ ಕಾಟಕ್ಕೆ ಐಬೆಕ್ಸ್ ಬೇಲಿ ಹಾಕಿದವರು ಅತಿಥಿ ಇರೋ ಹೊತ್ತು ಹಗಲು ಆಫ್ ಮಾಡಿ, ಬೋರ್ಡು ಹಾಕಿ. ನೇರ ಕರೆಂಟ್ ಕೊಡೋರು ಯಾರಾದರೂ ಇದ್ದರೆ ಅವರಿಗೆ ಹೋಂಸ್ಟೇ ಮಾತು ಬೇಡ, ಮೊದಲು ಆ ತಂತಿ ತೆಗೀಲಿ.

ಅಜ್ಜ ಅಜ್ಜಿಯರ ವಿಷಯ. ನಮ್ಮ ಮನೆಗಳ ಹೊಸ್ತಿಲು ಎತ್ತರ, ಜಗಲಿ ಮೆಟ್ಟಿಲಿಗೆ ಹಿಡಿಕೆ ಇಲ್ಲ, ಬಚ್ಚಲು ಜಾರು. ಮೆಟ್ಟಿಲಿಗೆ ಒಂದು ಪೈಪು ಹಾಕಿಸಿ. ಪಾಯಿಖಾನೆ ರೂಮಿಗೆ ಹೊಂದಿಕೊಂಡೇ ಇರಲಿ, ಕೂರೋ ಕಮೋಡೇ ಇರಲಿ, ಗೋಡೆಗೆ ಹಿಡಿದು ಏಳೋಕೆ ಹಿಡಿಕೆ ಇರಲಿ. ರಾತ್ರಿ ಇಡೀ ಉರಿಯೋ ಒಂದು ಸಣ್ಣ ದೀಪ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ, ಆ ದೀಪ ಇನ್ವರ್ಟರ್ ಮೇಲೆ ಇರಲಿ. ಹಂಡೆ ನೀರು ಎಲ್ಲರಿಗೂ ಇಷ್ಟ, ಆದರೆ ಕುದಿಯೋ ಹಂಡೆ ಹತ್ತಿರ ಮಗುವನ್ನ ಬಿಡಬಾರದು. ನಾವೇ ಬಕೆಟ್‌ಗೆ ಬೆರೆಸಿ ಕೊಡಬೇಕು.

ರಾತ್ರಿ ರೈಲಲ್ಲಿ ಬರೋರು ಬೆಳಗಿನ ಜಾವ ಸಾಗರದಲ್ಲಿ ಇಳೀತಾರೆ. ಮಗು ಹಸಿದಿರುತ್ತೆ, ಅಜ್ಜಿಗೆ ಬಚ್ಚಲಿಗೆ ಹೋಗಬೇಕಾಗಿರುತ್ತೆ. ಅವರಿಗೆ ಲಾಡ್ಜಿನ ಥರ "ಚೆಕ್ ಇನ್ ಹನ್ನೆರಡಕ್ಕೆ" ಅಂದ್ರೆ ಏನು ಮಾಡಬೇಕು? ರೂಮು ಖಾಲಿ ಇಲ್ಲದಿದ್ದರೂ ಜಗಲಿ, ಬಚ್ಚಲು, ಬಿಸಿ ಹಾಲು ಕೊಡಬಹುದು. ನೆಂಟರಿಗೆ ಮಾಡೋದನ್ನೇ ಮಾಡಿ.

ಊಟ. ದೊಡ್ಡವರಿಗೆ ನೀರುದೋಸೆ, ಕಡುಬು, ತಂಬುಳಿ, ಅಪ್ಪೆಹುಳಿ, ಇದಕ್ಕಾಗಿಯೇ ಬರ್ತಾರೆ. ಮಕ್ಕಳಿಗೆ ಏಳೂವರೆಗೆ ಊಟ ಆಗಬೇಕು, ಒಂಬತ್ತೂವರೆಗೆ ಅಲ್ಲ. ಖಾರ ಹಾಕೋ ಮೊದಲು ಒಂದು ಬಟ್ಟಲು ಬೇಳೆ ಎತ್ತಿಡಿ, ಮೊಸರನ್ನ, ಗಂಜಿ ಇರಲಿ. ಕೂಸಿನ ತಾಯಿಗೆ ರಾತ್ರಿ ಬಿಸಿನೀರಿನ ಫ್ಲಾಸ್ಕು ಕೊಡಿ, ಹಾಲು ಕುಡಿಸೋಕೆ ಬಾಗಿಲು ಹಾಕಿಕೊಳ್ಳೋ ಜಾಗ ಕೊಡಿ. ಒಂದು ಎಚ್ಚರಿಕೆ: ನಮ್ಮಲ್ಲಿ ಕೂಸು ಬಂತು ಅಂದ್ರೆ ಪ್ರೀತಿಯಿಂದ ಬೆರಳಲ್ಲಿ ಜೇನುತುಪ್ಪ ನೆಕ್ಕಿಸೋ ಅಭ್ಯಾಸ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬಾರದು ಅಂತ ವೈದ್ಯರು ಹೇಳ್ತಾರೆ. ಅದರಲ್ಲಿರೋ ಸೂಕ್ಷ್ಮಾಣುವನ್ನ ತಡೆಯೋ ಶಕ್ತಿ ಆ ಹೊಟ್ಟೆಗೆ ಇರೋದಿಲ್ಲ. ಎಷ್ಟೇ ಶುದ್ಧ ಜೇನಾದರೂ ಅಷ್ಟೇ.

ಮಕ್ಕಳಿಗೆ ಆಟ ಬೇಕಲ್ಲ ಅಂದ್ರೆ, ಅಡಿಕೆ ಹಾಳೆ ಮೇಲೆ ಕೂರಿಸಿ ಅಂಗಳದಲ್ಲಿ ಎಳೀರಿ. ಎಷ್ಟು ಎಳೆದರೂ ಇನ್ನೊಂದು ಸಲ ಅಂತಾವೆ. ಕರುವಿಗೆ ಹುಲ್ಲು ಕೊಡಲಿ (ಕರು ಹಾಕಿದ ಹಸುವಿನ ಹತ್ತಿರ ಬೇಡ). ಮಳೆ ಬಂದರೆ ಚೆನ್ನೆಮಣೆ ಇದೆ. ನಾಯಿಗೆ ರೇಬಿಸ್ ಲಸಿಕೆ ಹಾಕಿಸಿ, ಅತಿಥಿ ಇಳಿಯೋ ಹೊತ್ತಿಗೆ ಕಟ್ಟಿ ಹಾಕಿ.

ಕೊನೆಯದು, ನನಗೆ ಮುಖ್ಯ ಅನ್ನಿಸಿದ್ದು. ಬುಕ್ ಮಾಡೋ ಮೊದಲೇ ನಿಜ ಹೇಳಿ. ಫೋಟೋದಲ್ಲಿ ಹಸಿರು ಮಾತ್ರ ಕಾಣುತ್ತೆ, ಉಂಬಳ ಕಾಣೋದಿಲ್ಲ. ಜುಲೈನಲ್ಲಿ ಬರೋರಿಗೆ ಉಂಬಳ ಹತ್ತುತ್ತೆ, ಮೂರು ದಿನ ಕರೆಂಟ್ ಇಲ್ಲದಿರಬಹುದು ಅಂತ ಹೇಳಿ. ಡಿಸೆಂಬರ್‌ನಿಂದ ಮೇವರೆಗೆ ಬರೋರಿಗೆ ಮಂಗನ ಕಾಯಿಲೆ ವಿಷಯ ಹೇಳಲೇಬೇಕು. 1957ರಲ್ಲಿ ಅದು ಮೊದಲು ಗೊತ್ತಾಗಿದ್ದೇ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ರಜೆ ಸೀಸನ್ನೂ ಅದೇ ತಿಂಗಳು, ಉಣುಗಿನ ಸೀಸನ್ನೂ ಅದೇ ತಿಂಗಳು. ಕಾಡಿಗೆ ಕರ್ಕೊಂಡು ಹೋಗಬೇಡಿ, ತರಗೆಲೆ ಮೇಲೆ ಕೂರಿಸಬೇಡಿ. ತೋಟಕ್ಕೆ ಇಳಿಯೋದಾದರೂ ಆರೋಗ್ಯ ಇಲಾಖೆಯವರು ಕೊಡೋ ಎಣ್ಣೆ ಹಚ್ಚಿ ಇಳಿಸಿ, ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿಸಿ, ಬಟ್ಟೆ ಬದಲಿಸೋಕೆ ಹೇಳಿ. ಊರಿಗೆ ಹೋದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಿ ಅನ್ನಿ. ಹಾವು ಕಚ್ಚಿದರೆ ಕಟ್ಟೋದು, ಕೊಯ್ಯೋದು ಯಾವುದೂ ಬೇಡ, ಅಲುಗಾಡಿಸದೆ ನೇರ ಸರ್ಕಾರಿ ಆಸ್ಪತ್ರೆ. ಅಲ್ಲಿಗೆ ಎಷ್ಟು ಕಿಲೋಮೀಟರ್, ರಾತ್ರಿ ಯಾವ ಗಾಡಿ ಸಿಗುತ್ತೆ, 108ಕ್ಕೆ ಫೋನ್ ಮಾಡೋಕೆ ಸಿಗ್ನಲ್ ಎಲ್ಲಿ ಬರುತ್ತೆ, ಇಷ್ಟನ್ನ ದಪ್ಪ ಅಕ್ಷರದಲ್ಲಿ ಬರೆದು ರೂಮಿನ ಬಾಗಿಲ ಹಿಂದೆ ಅಂಟಿಸಿ.

"ಇದೆಲ್ಲ ಹೇಳಿದ್ರೆ ಯಾರು ಬರ್ತಾರೆ?" ಅಂತ ಕೇಳ್ತೀರಿ. ಕೆಲವರು ಬರೋದಿಲ್ಲ, ನಿಜ. ಆದರೆ ಕೇಳಿಸಿಕೊಂಡ ಮೇಲೂ ಬರೋರು ನಂಬಿ ಬರ್ತಾರೆ. ಹೊರಡೋ ಹಿಂದಿನ ದಿನ ಮಗುವಿಗೆ ಜ್ವರ ಬಂತು ಅಂದ್ರೆ ಮುಂಗಡ ಮುಟ್ಟುಗೋಲು ಹಾಕ್ಕೋಬೇಡಿ, ಬೇರೆ ತಾರೀಕು ಕೊಡಿ. ಅಡಿಕೆ ವ್ಯಾಪಾರದಲ್ಲಿ ಮಾತಿಗೆ ತಪ್ಪದ ಮಂಡಿಯವರ ಹತ್ತಿರ ನಾವು ತಲೆಮಾರುಗಟ್ಟಲೆ ಹೋಗೋದಿಲ್ವಾ? ಇದೂ ಹಾಗೇ.

ಇನ್ನೊಂದು ಮಾತು ಗಂಡಸರಿಗೆ. ಹೋಂಸ್ಟೇ ಬೋರ್ಡಿನಲ್ಲಿ ನಮ್ಮ ಹೆಸರು ಇರುತ್ತೆ, ಹಾಸಿಗೆ ಒಗೆಯೋದು, ಆರು ಗಂಟೆಗೆ ದೋಸೆ ಹೊಯ್ಯೋದು ಮನೆಯವರು. ವಾರಕ್ಕೆ ಎಷ್ಟು ದಿನ ಅತಿಥಿ ಅನ್ನೋದನ್ನ ಅವರೇ ತೀರ್ಮಾನ ಮಾಡಲಿ, ಹಣ ಅವರ ಖಾತೆಗೇ ಹೋಗಲಿ. ನಮ್ಮಲ್ಲಿ ವಾರಕ್ಕೆ ಮೂರು ದಿನ ರೂಮು ಕೊಡೋದಿಲ್ಲ ಅಂತ ಅವರು ಹೇಳಿದ್ದಾರೆ, ಹಾಗೇ ನಡೀತಿದೆ.

ನಮ್ಮ ಮಕ್ಕಳು ಬೆಂಗಳೂರು ಸೇರಿ ದೊಡ್ಡ ದೊಡ್ಡ ಮನೆಗಳಲ್ಲಿ ಇಬ್ಬಿಬ್ಬರು ಮುದುಕರು ಉಳಿದಿರೋದು ನಿಮಗೆ ಗೊತ್ತಿದೆ. ಆ ಅಂಗಳದಲ್ಲಿ ಯಾರದೋ ಮಗು ಹಾಳೆ ಎಳೆಸಿಕೊಂಡು ಕೂಗಿದರೆ ಊರಿಗೇ ಒಳ್ಳೇದು. ಅದೇ ಅಂಗಳದಲ್ಲಿ ಬೆಳಿಗ್ಗೆ ಬಾಟಲಿ ಚೂರು ಗುಡಿಸೋದು ಬೇರೆ. ಯಾವುದು ಬೇಕು ಅಂತ ಇನ್ನೂ ಬೋರ್ಡು ಬರೆಸದೇ ಇರೋರು ಈಗಲೇ ಯೋಚನೆ ಮಾಡಿ. ಒಮ್ಮೆ ಪಾರ್ಟಿ ಜಾಗ ಅಂತ ಹೆಸರು ಬಿದ್ದ ಊರಿಗೆ ಸಂಸಾರದವರು ತಿರುಗಿ ಬರೋದು ಕಷ್ಟ.

ಬಾವಿಗೆ ಜಾಲರಿ ಮಾಡಿಸೋರು ಬಂದರೆ ನಮ್ಮನೇದು ತೋರಿಸ್ತೀನಿ, ಅಳತೆ ತಗೊಂಡು ಹೋಗಬಹುದು. ನೀವು ನಿಮ್ಮಲ್ಲಿ ಏನೇನು ಮಾಡಿದ್ದೀರಿ ಅಂತ ಬರೀರಿ. ಸುಲಿತ ಮುಗಿದ ಮೇಲೆ ಹೋಂಸ್ಟೇ ನೋಂದಣಿಗೆ ಏನೇನು ಕಾಗದ ಬೇಕು ಅನ್ನೋದನ್ನ ಬೇರೆಯಾಗಿ ಬರೀತೀನಿ.